ಜೋಡಿ ಕಾವಲಿಯ ನಡುವೆ ಬಿಸ್ಕತ್ತು

ಕಳೆದ ತಿಂಗಳು ಬೇರೆ ಯಾವುದೋ ಪ್ರಶ್ನೆಗೆ ಉತ್ತರಿಸುತ್ತ, "ನನ್ನ ಓವನ್ ಕೆಟ್ಟು ಕೂತ ದಿನ ವಾಫಲ್ ಮೇಕರಿನಲ್ಲೇ ಕುಕೀಸ್ ಸುಟ್ಟು ಮುಗಿಸಿದೆ" ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಓದುಗರು ಮುಂದೆ ಹೋಗಲಿಲ್ಲ. ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಸಾಲಿನ ಮೇಲೆಯೇ. ಗೊತ್ತಿಲ್ಲದವರಿಗೆ: ವಾಫಲ್ ಮೇಕರ್ ಎಂದರೆ ಗುಳಿಗುಳಿಯ ಎರಡು ಕಾವಲಿಗಳ ನಡುವೆ ಹಿಟ್ಟು ಒತ್ತಿ, ವಾಫಲ್ ಎಂಬ ಚೌಕಳಿಯ ತಿಂಡಿ ಸುಡುವ ಕರೆಂಟಿನ ಯಂತ್ರ. ಉಪ್ಪಿನಕಾಯಿಗೆ ಬೂಷ್ಟು ಬಂದವರು ದಯವಿಟ್ಟು ಇನ್ನೊಂದು ತಿಂಗಳು ಕಾಯಬೇಕು. ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ. ಹಿಂದೊಮ್ಮೆ ಹೆಸರು ಹಾಕಿದ್ದಕ್ಕೆ ಆ ಮನೆಯ ಅತ್ತೆಯವರಿಂದ ನನಗೇ ಒಂದು ಕಾಗದ ಬಂದಿತ್ತು.

ನಮ್ಮ ಮನೆಯಲ್ಲಿ ಓವನ್ ಇಲ್ಲ. ನಾದಿನಿ ಉಡುಗೊರೆಯಾಗಿ ಕೊಟ್ಟ ವಾಫಲ್ ಮೇಕರ್ ವರ್ಷದಿಂದ ಡಬ್ಬದಲ್ಲೇ ಇದೆ. ಮಗಳು ಕುಕೀಸ್ ಬೇಕೆಂದು ಹಟ ಹಿಡಿದಿದ್ದಾಳೆ. ಅದರಲ್ಲಿ ನಿಜವಾಗಿಯೂ ಬರುತ್ತದೆಯೇ ಅಮ್ಮ? ಅಳತೆ ಸಮೇತ ತಿಳಿಸಿ.
— ಗೃಹಿಣಿ, ಹಾಸನ

ಬರುತ್ತದೆ ತಾಯಿ. ಆದರೆ ಬೇಕರಿಯ ಗಾಜಿನ ಭರಣಿಯಲ್ಲಿ ಕಾಣುವಂಥದ್ದು ಬರುತ್ತದೆಂದು ಮಗಳಿಗೆ ಮಾತು ಕೊಡಬೇಡಿ. ಇದು ಬೇರೆಯೇ ತಿಂಡಿ: ಹೊರಗೆ ಗರಿಗರಿ, ಒಳಗೆ ಕೇಕಿನ ಹಾಗೆ ಮಿದು, ಮೈತುಂಬ ಚೌಕಳಿ.

ನನಗೆ ಇದನ್ನು ಕಲಿಸಿದ್ದು ಪೇಚಾಟ. ಸಾಗರದ ನಮ್ಮ ಮನೆಯಲ್ಲಿ ಹೋದ ಡಿಸೆಂಬರಿನಲ್ಲಿ ಮೊಮ್ಮಗನ ಶಾಲೆಯ ಸಂತೆಗೆಂದು ಅರ್ಧ ಕಿಲೋ ಕುಕೀಸ್ ಹಿಟ್ಟು ಕಲಸಿಟ್ಟಿದ್ದೆ. ಓವನ್ ಹಾಕಿದರೆ ಮೇಲಿನ ಸರಳು ಕೆಂಪಾಯಿತು, ಕೆಳಗಿನದು ಕಪ್ಪಾಗಿಯೇ ಉಳಿಯಿತು. ರಿಪೇರಿಯವನು ಸೋಮವಾರ ಬರುತ್ತೇನೆಂದ. ಸಂತೆ ಶನಿವಾರ. ಅಟ್ಟದಿಂದ ವಾಫಲ್ ಮೇಕರ್ ಇಳಿಸಿದೆ. ಮೊದಲ ನಾಲ್ಕು ಕುಕೀಸ್ ಮೇಲಿನ ಕಾವಲಿಗೆ ಅರ್ಧ, ಕೆಳಗಿನ ಕಾವಲಿಗೆ ಅರ್ಧ ಅಂಟಿಕೊಂಡವು. ಬಿದಿರಿನ ಕಡ್ಡಿಯಿಂದ ಗುಳಿಗುಳಿಯನ್ನೂ ಕೆರೆಯುತ್ತ ಕೂತಾಗ ಸಿಟ್ಟು ಬಂತು. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಸಿಟ್ಟು ಬಂದರೆ ನೋಟ್ ಪುಸ್ತಕ ತೆಗೆಯುತ್ತೇನೆ. 60 ಸೆಕೆಂಡು, 75, 90, 105, 120 ಎಂದು ಗೆರೆ ಎಳೆದು ಪ್ರತಿ ಸುತ್ತಿನ ಫಲಿತಾಂಶ ಬರೆದೆ. ಅದರಲ್ಲಿ ಕಂಡದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಮೊದಲು ಶಾಖದ ವಿಷಯ. 180 ಡಿಗ್ರಿಯ ಓವನ್ನಿನೊಳಗೆ ನಾವು ಕೈ ತೂರಿಸುತ್ತೇವೆ, ಒಂದು ಗಳಿಗೆ ಗಾಳಿ ಏನೂ ಮಾಡುವುದಿಲ್ಲ. ಅದೇ 180 ಡಿಗ್ರಿಯ ತಟ್ಟೆಗೆ ಬೆರಳು ತಾಗಿದರೆ ಬೊಬ್ಬೆ. ಬಿಸಿ ಗಾಳಿ ಶಾಖವನ್ನು ನಿಧಾನವಾಗಿ ಕೊಡುತ್ತದೆ, ಲೋಹ ಒಮ್ಮೆಲೇ ಸುರಿಯುತ್ತದೆ. ಓವನ್ನಿನಲ್ಲಿ ಕುಕೀಸ್ 10–12 ನಿಮಿಷ ತೆಗೆದುಕೊಳ್ಳುವುದು, ವಾಫಲ್ ಮೇಕರಿನಲ್ಲಿ ಒಂದೂವರೆ ನಿಮಿಷದಲ್ಲಿ ಮುಗಿಯುವುದು ಇದರಿಂದಲೇ. ಅಲ್ಲಿ ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ, ಕುಕೀಸ್ ಹರಡಿಕೊಂಡು ತೆಳ್ಳಗಾಗುತ್ತದೆ. ಇಲ್ಲಿ ಎರಡು ಕಡೆಯಿಂದ ಒತ್ತಿ ಹಿಡಿದಿರುತ್ತೇವೆ, ಮುಚ್ಚಳ ಬಿದ್ದ ಕ್ಷಣಗಳಲ್ಲೇ ಮೈ ಗಟ್ಟಿಯಾಗುತ್ತದೆ. ಹಾಗಾಗಿ ಓವನ್ನಿಗೆಂದು ಬರೆದ ಅಳತೆಯನ್ನು ಇಲ್ಲಿಗೆ ತಂದರೆ ಕೆಡುತ್ತದೆ. ಆ ಹಿಟ್ಟಿನಲ್ಲಿ ಸಕ್ಕರೆ ಜಾಸ್ತಿ. ಸಕ್ಕರೆ ಕರಗಿ ಪಾಕವಾಗಿ ಗುಳಿಗಳೊಳಗೆ ಅಂಟಿ ಕೂರುತ್ತದೆ. ನನ್ನ ಮೊದಲ ನಾಲ್ಕಕ್ಕೆ ಆದದ್ದು ಅದೇ. ಮೊಟ್ಟೆ ಹೆಚ್ಚು, ಸಕ್ಕರೆ ಕಡಿಮೆ ಇರುವ ಹಿಟ್ಟು ಇದಕ್ಕೆ ಸರಿ.

ಅಳತೆ ಬರೆದುಕೊಳ್ಳಿ. ಕೋಣೆಯ ಬಿಸಿಗೆ ಮೆತ್ತಗಾದ ಬೆಣ್ಣೆ 100 ಗ್ರಾಂ, ಪುಡಿ ಮಾಡಿದ ಸಕ್ಕರೆ 120 ಗ್ರಾಂ. ಎರಡನ್ನೂ ಬಣ್ಣ ಬಿಳುಪಾಗುವವರೆಗೆ ಉಜ್ಜಿ. ಎರಡು ಮೊಟ್ಟೆಯನ್ನು ಒಂದೊಂದಾಗಿ ಸೇರಿಸಿ, ಒಂದು ಟೀ ಚಮಚ ವೆನಿಲ್ಲಾ ಹಾಕಿ. 140 ಗ್ರಾಂ ಮೈದಾ, 25 ಗ್ರಾಂ ಕೊಕೊ ಪುಡಿ, ಚಿಟಿಕೆ ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ಬೆರೆಸಿ. ಬೇಕಿಂಗ್ ಪುಡಿ ಬೇಡ, ಮೊಟ್ಟೆಯೇ ಉಬ್ಬಿಸುತ್ತದೆ. ಹದ ಹೇಗಿರಬೇಕೆಂದರೆ, ಉದ್ದಿನವಡೆಯ ಹಿಟ್ಟಿನಂತೆ ಚಮಚದಿಂದ ತಾನಾಗಿ ಜಾರಬಾರದು, ತಳ್ಳಿದರೆ ಬೀಳಬೇಕು. ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಚಮಚಕ್ಕೆ ಮೆತ್ತಿಕೊಳ್ಳುವುದು ಕಡಿಮೆ.

ಯಂತ್ರ ಪೂರ್ತಿ ಕಾದ ಮೇಲೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರನ್ನು ಎರಡೂ ಕಾವಲಿಗೆ ಸವರಿ. ತುಂಬಿದ ಟೀ ಚಮಚದಷ್ಟು ಹಿಟ್ಟನ್ನು ಒಂದೊಂದು ಭಾಗದ ನಡುವೆ ಇಟ್ಟು ಮುಚ್ಚಿ. ಅಂಚಿನವರೆಗೆ ತುಂಬಿದರೆ ಅದು ಕುಕೀಸ್ ಆಗುವುದಿಲ್ಲ, ವಾಫಲ್ಲೇ ಆಗುತ್ತದೆ. ಈ ಅಳತೆಗೆ ಸುಮಾರು 30 ಸಣ್ಣ ಕುಕೀಸ್ ಸಿಗುತ್ತವೆ.

ಈಗ ಮುಖ್ಯವಾದ ಮಾತು. ಯಂತ್ರದ ಹಸಿರು ದೀಪವನ್ನು ನಂಬಬೇಡಿ. ಕಾವಲಿ ಕಾದಿದೆ ಎಂದಷ್ಟೇ ಅದು ಹೇಳುತ್ತದೆ, ಹಿಟ್ಟು ಬೆಂದಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ನೋಡಬೇಕಾದದ್ದು ಬದಿಯಿಂದ ಬರುವ ಆವಿಯನ್ನು. ಮುಚ್ಚಿದ ಕೂಡಲೇ ಹಿಟ್ಟಿನ ನೀರು ಆವಿಯಾಗಿ ಬುಸ್ಸೆನ್ನುತ್ತ ಹೊರಡುತ್ತದೆ. ಅದು ಜೋರಾಗಿರುವಾಗ ತೆರೆದಿರೋ, ಒಳಗಿನ್ನೂ ಹಸಿ, ಬಿಸ್ಕತ್ತು ಎರಡು ಹೋಳಾಗಿ ಒಂದೊಂದು ಕಾವಲಿಗೆ ಒಂದೊಂದು. ಆವಿ ಎಳೆಯಷ್ಟಕ್ಕೆ ಇಳಿದಾಗ ಮುಚ್ಚಳವನ್ನು ಮೆಲ್ಲಗೆ ಎತ್ತಿ ನೋಡಿ. ಎದುರು ಬಲ ಕೊಟ್ಟರೆ ಇನ್ನೂ ಹತ್ತು ಸೆಕೆಂಡು ಬಿಡಿ. ನನ್ನ 750 ವ್ಯಾಟಿನ ಯಂತ್ರದಲ್ಲಿ 90 ಸೆಕೆಂಡಿಗೆ ಸರಿಹೋಯಿತು. ನಿಮ್ಮದು 80 ಕೇಳಬಹುದು, 110 ಕೇಳಬಹುದು.

ತೆಗೆಯುವಾಗ ಅದು ಮೆತ್ತಗೇ ಇರುತ್ತದೆ. ಬೇಯಲಿಲ್ಲವೆಂದು ಮತ್ತೆ ಒಳಗೆ ಹಾಕಬೇಡಿ. ಮರದ ಚಪ್ಪಟೆ ಚಮಚದಿಂದ ಎತ್ತಿ, ತಂತಿಯ ಜಾಲರಿಯ ಮೇಲೆ ಒಂದೊಂದಾಗಿ ಹರಡಿ. ಐದು ನಿಮಿಷದಲ್ಲಿ ಗರಿ ತಾನಾಗಿ ಬರುತ್ತದೆ. ಬಿಸಿಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಆವಿ ಒಳಗೇ ಉಳಿದು ಎಲ್ಲವೂ ಒದ್ದೆ ಚಪಾತಿಯಾಗುತ್ತವೆ.

ಮೊಮ್ಮಗನ ಸಂತೆಯಲ್ಲಿ ಏನಾಯಿತು ಎಂದು ಕೇಳುತ್ತೀರಿ. ಎಲ್ಲ ಮಾರಾಟವಾಯಿತು. ಅರ್ಧವನ್ನು ಅವನ ಟೀಚರುಗಳೇ ಕೊಂಡರಂತೆ.

ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಪ್ರತಿ ಡಿಸೆಂಬರಿನಲ್ಲಿ ವಾಫಲ್ ಕಾವಲಿಯಲ್ಲಿ ಸುಟ್ಟ ಚಾಕೊಲೇಟ್ ಕುಕೀಸ್ ತಂದುಕೊಡುತ್ತಾರೆ. ತಮ್ಮ ತಾಯಿಯ ಕಾಲದಿಂದಲೂ ಮಾಡುತ್ತಿದ್ದೇವೆ ಎನ್ನುತ್ತಾರೆ. ಇದಕ್ಕೂ ನಮ್ಮ ಮಂಗಳೂರಿನ ಗುಲಾಬಿ ಹೂವಿನ ಅಚ್ಚಿಗೂ ನಂಟಿದೆಯೇ? ಊರಿಗೆ ಬರುವಾಗ ಅಮ್ಮನಿಗೆ ಒಂದು ವಾಫಲ್ ಮೇಕರ್ ತರಲೇ?
— ಕನ್ನಡತಿ, ನ್ಯೂಜೆರ್ಸಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತರಬೇಡಿ. ಅಲ್ಲಿಯದು 120 ವೋಲ್ಟಿನ ಯಂತ್ರ, ಇಲ್ಲಿಯದು 230 ವೋಲ್ಟಿನ ಗೋಡೆ. ಕಾಯುವ ತಂತಿಗೆ ವೋಲ್ಟೇಜು ಸುಮಾರು ಎರಡರಷ್ಟಾದರೆ ಶಾಖ ಎರಡರಷ್ಟಲ್ಲ, ಮೂರೂವರೆ ಪಟ್ಟಿಗೂ ಮೇಲೆ. ನನ್ನ ತಮ್ಮ ಪ್ರೀತಿಯಿಂದ ಹೊತ್ತುತಂದ ಇಂಥದೊಂದು ಯಂತ್ರ ನಮ್ಮ ಅಡುಗೆಮನೆಯಲ್ಲಿ ಬದುಕಿದ್ದು ಅರ್ಧ ನಿಮಿಷ. ವಾಸನೆ ಮಾತ್ರ ಎರಡು ದಿನ ಇತ್ತು. ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದು, ಆದರೆ ಆ ಬೆಲೆಗೆ ಮತ್ತು ಆ ಭಾರಕ್ಕೆ ಇಲ್ಲೇ ಹೊಸದು ಬರುತ್ತದೆ.

ಇನ್ನು ನಂಟಿನ ಮಾತು. ನಿಮ್ಮ ಪಕ್ಕದ ಮನೆಯ ಅಜ್ಜಿ ಮಾಡುವುದು ಹೊಸ ಚಮತ್ಕಾರವೇನೂ ಅಲ್ಲ. ಎರಡು ಕಬ್ಬಿಣದ ಫಲಕಗಳ ನಡುವೆ ಹಿಟ್ಟು ಒತ್ತಿ ಬೆಂಕಿಯ ಮೇಲೆ ಹಿಡಿಯುವುದು ಯೂರೋಪಿನಲ್ಲಿ ಮಧ್ಯಯುಗದಿಂದ ಇದೆ. ಇಟಲಿಯ ಅಬ್ರುತ್ಸೊ ಸೀಮೆಯಲ್ಲಿ ಪಿತ್ಸೆಲ್ಲೆ ಎಂಬ ತೆಳು ಬಿಸ್ಕತ್ತು ಮಾಡುತ್ತಾರೆ, ಹೆಚ್ಚಾಗಿ ಸೋಂಪಿನಂಥ ಪರಿಮಳದ್ದು. ಅದಕ್ಕೆ ಫೆರ್ರಾತೆಲ್ಲೆ ಎಂಬ ಹೆಸರೂ ಇದೆ, ಅವರ ಭಾಷೆಯಲ್ಲಿ ಫೆರ್ರೊ ಎಂದರೆ ಕಬ್ಬಿಣ. ನಾರ್ವೆಯವರು ಕ್ರಿಸ್‌ಮಸ್ಸಿಗೆ ಕ್ರುಮ್‌ಕಾಕೆ ಮಾಡಿ, ಬಿಸಿಯಿರುವಾಗಲೇ ಮರದ ಶಂಕುವಿಗೆ ಸುತ್ತಿಬಿಡುತ್ತಾರೆ. ತಡಮಾಡಿದರೆ ಒಡೆಯುತ್ತದೆ. ನೆದರ್‌ಲ್ಯಾಂಡಿನ ಗೌಡಾ ಊರಿನ ಸ್ಟ್ರೋಪ್‌ವಾಫೆಲ್ ಎಂಬುದು ಕಾವಲಿಯಲ್ಲಿ ಸುಟ್ಟದ್ದನ್ನು ಎರಡು ಪದರವಾಗಿ ಸೀಳಿ ನಡುವೆ ಪಾಕ ಬಳಿದದ್ದು. ಡಚ್ಚರಿಗೆ ಇದರಲ್ಲಿ ದೊಡ್ಡ ಪಾಲಿದೆ. ವಾಫಲ್ ಮತ್ತು ಕುಕಿ, ಈ ಎರಡೂ ಪದಗಳು ಇಂಗ್ಲಿಷಿಗೆ ಬಂದದ್ದು ಡಚ್ ಭಾಷೆಯಿಂದಲೇ. ವಾಫೆಲ್ ಒಂದು, ಸಣ್ಣ ಕೇಕು ಎಂಬ ಅರ್ಥದ ಕೂಕಿಯೆ ಇನ್ನೊಂದು. ನಿಮ್ಮ ನೆರೆಯ ನ್ಯೂಯಾರ್ಕ್ ಒಂದು ಕಾಲಕ್ಕೆ ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತಲ್ಲ. ಅದೇ ರಾಜ್ಯದ ಟ್ರಾಯ್ ಊರಿನ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬಾತ ಒಲೆಯ ಮೇಲಿಡುವ ವಾಫಲ್ ಕಾವಲಿಗೆ 1869ರ ಆಗಸ್ಟ್ 24ರಂದು ಅಮೆರಿಕದ ಪೇಟೆಂಟ್ ಪಡೆದ.

ಗುಲಾಬಿ ಹೂವಿನ ಅಚ್ಚು ಇವಕ್ಕೆ ದಾಯಾದಿ, ಒಡಹುಟ್ಟಿದ್ದಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಗೆಂದು ಮಾಡುವಾಗ ನೋಡಿದ್ದೇನೆ. ಅಚ್ಚನ್ನು ಕಾದ ಎಣ್ಣೆಯಲ್ಲಿಟ್ಟು, ಮೇಲಿನ ಅಂಚು ಮುಳುಗದಂತೆ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಿದರೆ ಹೂವು ಕಳಚಿಕೊಳ್ಳುತ್ತದೆ. ಅಲ್ಲಿ ಅಚ್ಚು ಒಂದೇ, ಎದುರು ಫಲಕವಿಲ್ಲ, ಬೇಯಿಸುವುದು ಎಣ್ಣೆ. ಸ್ಕ್ಯಾಂಡಿನೇವಿಯಾದಲ್ಲೂ ಇದೇ ಬಗೆಯ ಹೂವಿನ ಅಚ್ಚು ಇದೆ ಎಂಬುದನ್ನು ನಿಮ್ಮ ಅಜ್ಜಿಗೆ ಹೇಳಿ, ಖುಷಿಪಟ್ಟಾರು. ಒಂದು ಬುದ್ಧಿ ಮಾತ್ರ ಎರಡಕ್ಕೂ ಸಮಾನ: ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಬಿಡುವುದಿಲ್ಲ.

ರೂಮಿನಲ್ಲಿ ಮೂವರು ಗೆಳೆಯರು ಸೇರಿ ಮಾಡಿದೆವು. ಚಾಕೊಲೇಟ್ ಚಿಪ್ಸ್ ಹಾಕಿದ್ದೆವು. ಅವೆಲ್ಲ ಕರಗಿ ಸುಟ್ಟು ಕಾವಲಿಗೆ ಹಿಡಿದಿವೆ. ಚಾಕುವಿನಿಂದ ಕೆರೆಯಬಹುದೇ? ಯಂತ್ರ ಗೆಳೆಯನ ಅಕ್ಕನದು.
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಚಾಕು ಕೆಳಗಿಡಿ. ಅಕ್ಕ ಎಂದರೆ ಇನ್ನೂ ಎಚ್ಚರಿಕೆ ಬೇಕು.

ಪ್ಲಗ್ ಕಿತ್ತು, ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯನ್ನು ನಡುವೆ ಇಟ್ಟು ಹತ್ತು ನಿಮಿಷ ಮುಚ್ಚಿ. ಸಕ್ಕರೆ ನೀರಿಗೆ ಕರಗುವ ವಸ್ತು, ತಾನೇ ಸಡಿಲವಾಗುತ್ತದೆ. ಉಳಿದದ್ದನ್ನು ಬಿದಿರಿನ ಕಡ್ಡಿ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ. ಬೇಕಾದರೆ ಎರಡು ಮೂರು ಸಲ ಹೀಗೆಯೇ ಮಾಡಿ. ಸ್ಟೀಲಿನ ಉಜ್ಜುನಾರು ಮುಟ್ಟಬೇಡಿ, ಯಂತ್ರವನ್ನು ನಲ್ಲಿಯ ಕೆಳಗೆ ಹಿಡಿಯಲೇಬೇಡಿ.

ಮುಂದಿನ ಸಲ ಚಿಪ್ಸ್ ಬಿಡಿ. ಓವನ್ನಿನಲ್ಲಿ ಅವುಗಳ ಸುತ್ತ ಗಾಳಿ ಇರುತ್ತದೆ, ಇಲ್ಲಿ ನೇರ ಕಾದ ಲೋಹಕ್ಕೆ ಒತ್ತಿಕೊಳ್ಳುತ್ತವೆ. ಹಿಟ್ಟಿಗೆ ಕೊಕೊ ಸೇರಿಸಿ. ಚಾಕೊಲೇಟ್ ಬೇಕೇ ಬೇಕೆಂದರೆ ಸುಟ್ಟು ಆರಿದ ಬಿಸ್ಕತ್ತನ್ನು ಕರಗಿಸಿದ ಚಾಕೊಲೇಟಿನಲ್ಲಿ ಅರ್ಧ ಅದ್ದಿ ಒಣಗಿಸಿ. ಬೆಣ್ಣೆದೋಸೆಯ ಊರಿನವರಿಗೆ ಕಾವಲಿ ಸವರುವುದನ್ನು ನಾನು ಕಲಿಸಬೇಕಿಲ್ಲ, ಆದರೂ ಇಲ್ಲಿ ಬೆಣ್ಣೆ ಬೇಡ. ಅದರಲ್ಲಿರುವ ಹಾಲಿನ ಅಂಶ ಕರಿಹಿಡಿಯುತ್ತದೆ. ಎಣ್ಣೆ ಅಥವಾ ತುಪ್ಪ ಸಾಕು. ಡಬ್ಬಿಯಿಂದ ಸಿಂಪಡಿಸುವ ಎಣ್ಣೆಯೂ ಬೇಡ, ಕೆಲವು ಸಲಕ್ಕೆ ಕಂದು ಬಣ್ಣದ ಅಂಟು ಪದರ ಕಟ್ಟುತ್ತದೆ.

ನಿಮ್ಮ ಮನಸ್ಸಿಗೆ ಸಮಾಧಾನವಾಗಲೆಂದು ಒಂದು ಕಥೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಓಟದ ತರಬೇತುದಾರ, ನೈಕಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ಬೋವರ್‌ಮನ್ 1970ರ ದಶಕದ ಆರಂಭದಲ್ಲಿ ಹೆಂಡತಿಯ ವಾಫಲ್ ಯಂತ್ರಕ್ಕೆ ಶೂ ಅಡಿಯ ರಬ್ಬರಿನಂಥ ಯುರೆಥೇನ್ ಸುರಿದರು. ಅದು ಅಂಟಿಕೊಂಡು ಯಂತ್ರ ತೆರೆಯಲೇ ಇಲ್ಲ. ಆ ಚೌಕಳಿಯ ಅಡಿಯ ಶೂ ಮುಂದೆ ಲೋಕಪ್ರಸಿದ್ಧವಾಯಿತು. ಹಾಗೆಂದು ಗೆಳೆಯನ ಅಕ್ಕನಿಗೆ ಈ ಕಥೆ ಹೇಳಿ ತಪ್ಪಿಸಿಕೊಳ್ಳಲು ನೋಡಬೇಡಿ.

ಓವನ್ನಿಗಿಂತ ಇದರಲ್ಲಿ ಕರೆಂಟು ಎಷ್ಟು ಉಳಿಯುತ್ತದೆ? ಲೆಕ್ಕ ಕೊಡಿ.
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಲೆಕ್ಕ ಕೇಳುವ ಓದುಗರೆಂದರೆ ನನಗೆ ಪ್ರೀತಿ. 1600 ವ್ಯಾಟಿನ ಓವನ್ ಕಾಯಲು 10 ನಿಮಿಷ, ಮೂರು ತಟ್ಟೆಗೆ ತಲಾ 12, ಒಟ್ಟು 46 ನಿಮಿಷ. ಎಡೆಬಿಡದೆ ಉರಿದರೆ 1.2 ಯೂನಿಟ್. 750 ವ್ಯಾಟಿನ ವಾಫಲ್ ಮೇಕರ್ ಕಾಯಲು 5 ನಿಮಿಷ, ನಾಲ್ಕು ನಾಲ್ಕರಂತೆ 30 ಕುಕೀಸಿಗೆ 20 ನಿಮಿಷ, 0.3 ಯೂನಿಟ್. ಎರಡರಲ್ಲೂ ಥರ್ಮೋಸ್ಟಾಟ್ ಆಗಾಗ ಆರಿಸುವುದರಿಂದ ನಿಜವಾದ ಖರ್ಚು ಇದಕ್ಕಿಂತ ಕಡಿಮೆ. ಒಟ್ಟಿನಲ್ಲಿ ಉಳಿಯುವುದು ಒಂದು ಯೂನಿಟ್ಟಿಗೂ ಒಳಗೆ. ಆದರೆ ಓವನ್ನಿಗೆ ತಟ್ಟೆ ತಳ್ಳಿ ನೀವು ಪತ್ರಿಕೆ ಓದಬಹುದು, ಇಲ್ಲಿ ಪೂರ್ತಿ ಹೊತ್ತು ನಿಂತೇ ಇರಬೇಕು. ಕಾಲುನೋವಿಗೆ ಮೀಟರಿಲ್ಲ.

ಒಂದು ಅನುಕೂಲ ಮಾತ್ರ ನಿಜ. ಇದು ಎಳೆಯುವುದು ಮೂರೂಕಾಲು ಆಂಪಿಯರ್ ಅಷ್ಟೆ, 6 ಆಂಪಿಯರಿನ ಸಾಮಾನ್ಯ ಸಾಕೆಟ್ಟಿಗೂ ನಡೆಯುತ್ತದೆ. ಇನ್ನೊಂದು ತೊಂದರೆಯೂ ನಿಜ. ನಮ್ಮೂರಿನಲ್ಲಿ ಮಳೆಗಾಲದ ಸಂಜೆ ವೋಲ್ಟೇಜು 190ಕ್ಕೆ ಇಳಿದರೆ 750 ವ್ಯಾಟ್ ಹೆಸರಿಗೆ ಮಾತ್ರ, ಕೈಗೆ ಸಿಗುವುದು 510. ಮೊದಲ ಎರಡು ಸುತ್ತು ಚೆನ್ನಾಗಿ ಬಂದು ಮೂರನೆಯದು ಬಿಳಿಚಿಕೊಂಡರೆ ಹಿಟ್ಟನ್ನು ಬೈಯಬೇಡಿ. ಸುತ್ತಿನ ನಡುವೆ ಕಾವಲಿಗೆ ಮತ್ತೆ ಕಾಯಲು ಸಮಯ ಕೊಡಿ.

ನಾವು ಮೊಟ್ಟೆ ತಿನ್ನುವುದಿಲ್ಲ. ಜೋನಿಬೆಲ್ಲ ಮನೆಯಲ್ಲೇ ಇದೆ. ಅದರಲ್ಲಿ ಮಾಡಬಹುದೇ?
— ಶಿರಸಿಯಿಂದ ಒಬ್ಬರು

ಇದಕ್ಕೆ ನನ್ನ ನೋಟ್ ಪುಸ್ತಕದ ಮೂರು ಪುಟ ಹೋಗಿದೆ. ಮೊದಲ ಪುಟಕ್ಕೆ ಅಡ್ಡಗೆರೆ ಎಳೆದಿದ್ದೇನೆ. ಮೊಟ್ಟೆ ಬಿಟ್ಟು ಅದೇ ಅಳತೆಗೆ ಹಾಲು ಸುರಿದಿದ್ದೆ, ಮುಚ್ಚಳ ಎತ್ತಿದರೆ ರವೆಯಂಥ ಪುಡಿ.

ಬಂದ ಅಳತೆ ಇದು. ಗೋಧಿ ಹಿಟ್ಟು 120 ಗ್ರಾಂ, ಅಕ್ಕಿ ಹಿಟ್ಟು 30 ಗ್ರಾಂ, ಬೆಣ್ಣೆ 80 ಗ್ರಾಂ, ಜೋನಿಬೆಲ್ಲ 70 ಗ್ರಾಂ, ಗಟ್ಟಿ ಮೊಸರು ಒಂದು ದೊಡ್ಡ ಚಮಚ, ಎರಡು ಚಿಟಿಕೆ ಅಡುಗೆ ಸೋಡಾ, ಏಲಕ್ಕಿ. ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಕಾಲು ಗಂಟೆ ನೆನೆಸಿಟ್ಟರೆ ಲೋಳೆಯಾಗುತ್ತದೆ, ಅದನ್ನೂ ಸೇರಿಸಿ. ಹಿಡಿದಿಡುವುದು ಅದೇ. ಚಪಾತಿ ಕಣಕಕ್ಕಿಂತ ಮೆತ್ತಗಿರಲಿ, ಉಂಡೆ ಕಟ್ಟಲು ಬರಲಿ. ಅಡಿಕೆಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ, ಅಂಗೈಯಲ್ಲಿ ಒತ್ತಿ ಇಡಿ.

ಬೆಲ್ಲ ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ, ಜೋನಿಯಂತೂ ಇನ್ನೂ ಬೇಗ. ಶಾಖದ ಗುಂಡಿ ಇದ್ದರೆ ಒಂದು ಮನೆ ಇಳಿಸಿ, ಎರಡು ನಿಮಿಷ ಕೊಡಿ. ಗುಂಡಿ ಇಲ್ಲದಿದ್ದರೆ ಒಂದೂಕಾಲು ನಿಮಿಷಕ್ಕೆ ಇಣುಕಿ. ತೆರೆದ ಮೇಲೆ ಕೂಡಲೇ ಎತ್ತಬೇಡಿ, ಪ್ಲಗ್ ತೆಗೆದು ಅರ್ಧ ನಿಮಿಷ ತೆರೆದಂತೆಯೇ ಬಿಟ್ಟರೆ ಮುರಿಯದೆ ಬರುತ್ತದೆ. ರುಚಿ ಹೇಳಲೇ? ಮೊಟ್ಟೆಯದಕ್ಕಿಂತ ನನಗೆ ಇದೇ ಹೆಚ್ಚು ಹಿಡಿಸಿತು. ಮನೆಯವರು ಒಪ್ಪುವುದಿಲ್ಲ.

ಎರಡನೆಯ ದಿನಕ್ಕೇ ಮೆತ್ತಗಾಗುತ್ತವೆ.
— ಕುಂದಾಪುರ

ನಿಮ್ಮ ಕಡಲ ಗಾಳಿಗೆ ಹಪ್ಪಳವೇ ನಿಲ್ಲುವುದಿಲ್ಲ. ಇವುಗಳ ಒಳಗೆ ತೇವ ಹೆಚ್ಚು, ಅದು ಹೊರಗಿನ ಗರಿಯನ್ನೂ ತಿನ್ನುತ್ತದೆ. ಕಾದ ಕಾವಲಿಯಲ್ಲಿ ಹಳೆಯ ಗುಳಿಗಳಿಗೇ ಹೊಂದಿಸಿ ಇಟ್ಟು 20 ಸೆಕೆಂಡು ಮುಚ್ಚಿ, ಆರಿಸಿ ತಿನ್ನಿ. ವಾರಗಟ್ಟಲೆ ಇಡುವ ತಿಂಡಿ ಬೇಕಿದ್ದರೆ ಬೇರೆ ನೋಡಿಕೊಳ್ಳಿ.

ನಮ್ಮ ಕೋಡುಬಳೆ, ನಿಪ್ಪಟ್ಟುಗಳನ್ನು ಬಿಟ್ಟು ಪರದೇಶದ ಯಂತ್ರದ ಹಿಂದೆ ಏಕೆ ಬಿದ್ದಿದ್ದೀರಿ?
— ಹಿರಿಯ ಓದುಗರು, ಬೆಂಗಳೂರು

ಬಿಡಲಿಲ್ಲ ಸ್ವಾಮಿ. ನಿಪ್ಪಟ್ಟಿನ ಹಿಟ್ಟನ್ನೂ ಅದೇ ಯಂತ್ರದಲ್ಲಿ ಒತ್ತಿ ನೋಡಿದೆ. ಹೆಂಚಿನ ಚೂರು ಬಂತು. ಎಣ್ಣೆ ಒಳಹೊಕ್ಕು ಹಗುರ ಮಾಡಬೇಕಾದ ತಿಂಡಿಗೆ ಎರಡು ಒಣ ಕಾವಲಿ ಏನು ಮಾಡೀತು? ಮಿಕ್ಕಿದ ಇಡ್ಲಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು ಹಾಕಿ ಸುರಿದರೆ ಮಾತ್ರ ಪಡ್ಡಿನ ತಂಗಿಯಂಥದ್ದು ಬರುತ್ತದೆ, ನಾಲ್ಕು ನಿಮಿಷ. ನೀವೂ ಒಮ್ಮೆ ತಿಂದು ನೋಡಿ, ಆಮೇಲೆ ಬೈಯಿರಿ.

ವಾಫಲ್ ಮೇಕರ್ ಇಲ್ಲ. ಸ್ಯಾಂಡ್‌ವಿಚ್ ಟೋಸ್ಟರ್ ಇದೆ. ಆಗುತ್ತದೆಯೇ?
— ಗದಗ

ಕರೆಂಟಿನದಾದರೆ ಆಗುತ್ತದೆ. ಗುಳಿ ಆಳವಿರುವುದರಿಂದ ಒಂದೊಂದು ಮೂಲೆಗೆ ಎರಡು ಚಮಚ ಹಿಟ್ಟು, ಎರಡೂವರೆ ನಿಮಿಷ. ಆವಿಯ ನಿಯಮ ಅದೇ. ಗ್ಯಾಸಿನ ಮೇಲೆ ಹಿಡಿಯುವ ಟೋಸ್ಟರಿನಲ್ಲಿ ಸಣ್ಣ ಉರಿಯಿಟ್ಟು ಅರ್ಧ ನಿಮಿಷಕ್ಕೊಮ್ಮೆ ಮಗುಚುತ್ತಿರಬೇಕು. ಬಿಸ್ಕತ್ತು ತ್ರಿಕೋನವಾಗಿರುತ್ತದೆ. ಮಕ್ಕಳು ಅದನ್ನು ಸಮೋಸ ಎಂದುಕೊಂಡು ಚಟ್ನಿ ಕೇಳಿದರೆ ನನ್ನನ್ನು ದೂರಬೇಡಿ.